ಒಂದು ಇರುಳಿನ ಬೀಡು

ರೈಲ್ವೆಯ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಮಹನೀಯರಿಗೆ ಪ್ರಯಾಣಿಕನ ಮೇಲೆ ವೈಯಕ್ತಿಕ ದ್ವೇಷವೇನೂ ಇರಲಾರದು. ಆದರೂ ದೂರದ ಊರಿಗೆ ಹೊರಟವನಿಗೆ ಒಮ್ಮೆಯಾದರೂ ಅಂತಹ ಅನುಮಾನ ಹುಟ್ಟದೆ ಇರುವುದಿಲ್ಲ. ನಾವು ಕುಳಿತ ರೈಲು ಸಂಜೆ ಮಹಾನಗರಿಯನ್ನು ಸೇರುತ್ತದೆ. ನಾವು ಹತ್ತಬೇಕಾದ ಇನ್ನೊಂದು ರೈಲು ಮರುದಿನ ಬೆಳಿಗ್ಗೆ ಹೊರಡುತ್ತದೆ. ನಡುವೆ ಒಂದು ಇಡೀ ರಾತ್ರಿ, ಹೊರಟ ಊರಿಗೂ ಸೇರಬೇಕಾದ ಊರಿಗೂ ಸಲ್ಲದೆ, ತ್ರಿಶಂಕುವಿನಂತೆ ತೂಗಾಡುತ್ತದೆ.

ಈ ರಾತ್ರಿಯನ್ನು ಎದುರಿಸುವ ಬಗೆಯಲ್ಲಿ ಪ್ರಯಾಣಿಕರು ಮೂರು ತೆರ. ಮೊದಲನೆಯವರು ನಿರೀಕ್ಷಣಾಲಯದ ಕುರ್ಚಿಯಲ್ಲಿ ಪೆಟ್ಟಿಗೆಯ ಮೇಲೆ ಕಾಲಿಟ್ಟು, ಫೋನಿನ ಗಾಜನ್ನು ಬೆರಳಿನಿಂದ ಉಜ್ಜುತ್ತ, ಅರೆನಿದ್ದೆಯಲ್ಲಿ ಬೆಳಗು ಮಾಡುವವರು. ಎರಡನೆಯವರು ಮಹಾ ಉತ್ಸಾಹಿಗಳು. ಹನ್ನೆರಡು ಗಂಟೆಗಳಲ್ಲಿ ಹದಿನೆಂಟು ಸ್ಥಳಗಳನ್ನು ನೋಡಿ, ಒಂದನ್ನೂ ನೋಡದವರಂತೆ ರೈಲು ಹತ್ತಿ, ಮುಂದಿನ ದಿನವೆಲ್ಲ ಮಲಗಿಯೇ ಕಳೆಯುವವರು. ಮೂರನೆಯವರು, ದೊರೆತ ಇರುಳನ್ನು ಅಳೆದು, ಅದರಲ್ಲಿ ಹಿಡಿಸುವಷ್ಟನ್ನೇ ಹಿಡಿಸಿ, ಉಳಿದುದನ್ನು ಇನ್ನೊಮ್ಮೆಗೆಂದು ಬಿಟ್ಟು ಹೋಗುವವರು. ಈ ಮೂರನೆಯವರ ಸಂಖ್ಯೆ ಹೆಚ್ಚಲಿ ಎಂಬುದೇ ಈ ವಾರದ ಮಾತಿನ ಉದ್ದೇಶ.

ಇಂತಹ ನಡುದಾರಿಯ ತಂಗುವಿಕೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಪ್ರಯಾಣವೆಂದರೆ ಮಜಲುಗಳ ಸಾಲು. ದಾರಿಯಲ್ಲಿ ಬಾಯಾರಿದವರಿಗೆ ಅರವಟ್ಟಿಗೆ, ಹೊತ್ತು ಮುಳುಗಿದವರಿಗೆ ಛತ್ರ. ಮಹಾವೀರನು ಮಳೆಗಾಲವನ್ನು ಬಿಟ್ಟು ಉಳಿದ ಎಂಟು ತಿಂಗಳಲ್ಲಿ ಹಳ್ಳಿಯಾದರೆ ಒಂದು ರಾತ್ರಿ, ಪಟ್ಟಣವಾದರೆ ಐದು ರಾತ್ರಿ ಮಾತ್ರ ತಂಗುತ್ತಿದ್ದನೆಂದು ಜೈನರ ಕಲ್ಪಸೂತ್ರವು ಹೇಳುತ್ತದೆ. ಸಂನ್ಯಾಸಿಗೆ ಒಂದು ರಾತ್ರಿ ಸಾಕಾಗುತ್ತಿತ್ತು. ಸಂಸಾರಿಗಳಾದ ನಮಗೆ ಅದು ಹೊರೆಯಾಗಿ ತೋರುವುದು ವಿಚಿತ್ರವಲ್ಲವೆ?

ಕನ್ನಡದಲ್ಲಿ ಇದಕ್ಕೊಂದು ಸೊಗಸಾದ ಮಾತುಂಟು: ಬೀಡು. ಬಿಡು ಎಂಬ ಧಾತುವಿನಿಂದ ಬಂದ ಪದ. ದಾರಿ ನಡೆದ ಪಡೆಯು ಎತ್ತು ಕುದುರೆಗಳ ಕಟ್ಟನ್ನು ಸಡಿಲಿಸಿ, ಹೊರೆಯನ್ನು ಇಳಿಸಿಬಿಟ್ಟ ಎಡೆಯೇ ಬೀಡು. ಇಂದಿಗೂ ನಾವು ‘ಬೀಡುಬಿಟ್ಟರು’ ಎನ್ನುತ್ತೇವೆ. ಆದರೆ ಕೆಲವು ಬೀಡುಗಳು ಬಿಟ್ಟಲ್ಲಿಯೇ ಬೇರೂರಿದವು. ಶಾಸನಗಳಲ್ಲಿ ಅರಸನು ನೆಲೆಸಿ ರಾಜ್ಯವಾಳುವ ಸ್ಥಳಕ್ಕೆ ‘ನೆಲೆವೀಡು’ ಎಂಬ ಹೆಸರು ಬರುತ್ತದೆ. ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರವು ಇಂದು ನಮ್ಮ ಬಾಯಲ್ಲಿ ಹಳೇಬೀಡು. ತಂಗಲು ನಿಂತದ್ದು ಬೀಡು. ನಿಂತವನು ಹೊರಡದೆ ಹೋದರೆ ಅದು ನೆಲೆವೀಡು. ಈ ಎರಡು ಮಾತುಗಳ ನಡುವಣ ಅಂತರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ. ಅದು ಮುಂದೆ ಬೇಕಾಗುತ್ತದೆ.

ದೃಷ್ಟಾಂತಕ್ಕೆ ಮುಂಬಯಿಯನ್ನು ತೆಗೆದುಕೊಳ್ಳೋಣ. ಗುಜರಾತಿಗೋ ರಾಜಸ್ಥಾನಕ್ಕೋ ಹೊರಟ ಕನ್ನಡಿಗನಿಗೆ ಅಲ್ಲಿ ಗಾಡಿ ಬದಲಿಸುವ ಪ್ರಸಂಗ ಮೇಲಿಂದ ಮೇಲೆ ಬರುತ್ತದೆ. ಸಂಜೆ 5 ಗಂಟೆಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದಿರಿ. ಮರುದಿನ ಬೆಳಿಗ್ಗೆ 8 ಗಂಟೆಗೆ ಮುಂಬಯಿ ಸೆಂಟ್ರಲ್ಲಿನಿಂದ ಹೊರಡುವಿರಿ ಎಂದಿಟ್ಟುಕೊಳ್ಳೋಣ. ಲೆಕ್ಕಕ್ಕೆ 15 ಗಂಟೆ. ಆದರೆ ಈ ಲೆಕ್ಕವನ್ನು ನಂಬಿ ಕೆಟ್ಟವರು ಬಹಳ. ಇಳಿದು ಸಾಮಾನು ಇಡುವುದಕ್ಕೆ ಒಂದೂವರೆ ಗಂಟೆ, ಬೆಳಿಗ್ಗೆ ಅದನ್ನು ಪಡೆದು ಗಾಡಿ ಹಿಡಿಯುವುದಕ್ಕೆ ಒಂದೂವರೆ ಗಂಟೆ ಕಳೆಯಿರಿ. ಮಾನವನಾದವನಿಗೆ ನಿದ್ದೆ, ಸ್ನಾನ ಸೇರಿ ಆರು ಗಂಟೆಯಾದರೂ ಬೇಕು. ಉಳಿದದ್ದು ಆರೇ ಗಂಟೆ. ಸಂಜೆಗೆ ನಾಲ್ಕು, ಮುಂಜಾವಿಗೆ ಎರಡು. ನಿಮ್ಮ ಕೈಯಲ್ಲಿರುವ ನಿಜವಾದ ಬಂಡವಾಳ ಇಷ್ಟು. ಇಷ್ಟನ್ನು ಒಪ್ಪಿಕೊಂಡವನು ಅರ್ಧ ಗೆದ್ದಂತೆಯೆ.

ಮುಂಬಯಿಯ ನಿಲ್ದಾಣಗಳ ಹೆಸರುಗಳು ಹೊಸಬನನ್ನು ಪೇಚಿಗೆ ಸಿಕ್ಕಿಸುವುದರಲ್ಲಿ ನಿಪುಣವಾದವು. ಮುಂಬಯಿ ಸೆಂಟ್ರಲ್ ಎಂಬುದು ಹೆಸರಿಗೆ ಸೆಂಟ್ರಲ್ಲಾದರೂ ಅದಿರುವುದು ಪಶ್ಚಿಮ ರೈಲ್ವೆಯಲ್ಲಿ. ಮಧ್ಯ ರೈಲ್ವೆಯ ಮುಖ್ಯ ನಿಲ್ದಾಣ ನೀವು ಇಳಿದ ಟರ್ಮಿನಸ್ಸು. ಬಾಂದ್ರಾ ಎಂಬ ಲೋಕಲ್ ನಿಲ್ದಾಣವೇ ಬೇರೆ, ದೂರದ ಗಾಡಿಗಳು ಹೊರಡುವ ಬಾಂದ್ರಾ ಟರ್ಮಿನಸ್ಸೇ ಬೇರೆ. ಮಾಟುಂಗಾ ಒಂದು ಮಾರ್ಗದಲ್ಲಿದ್ದರೆ ಮಾಟುಂಗಾ ರೋಡ್ ಇನ್ನೊಂದರಲ್ಲಿದೆ. ಆದುದರಿಂದ ಟಿಕೆಟ್ಟಿನ ಮೇಲೆ ಅಚ್ಚಾದ ಹೆಸರನ್ನು ಎರಡು ಸಲ ಓದಿ, ಆಮೇಲೆ ಹೆಜ್ಜೆ ಇಡುವುದು ಒಳ್ಳೆಯದು.

ಇಲ್ಲಿಂದ ಮೊದಲ ಸೂತ್ರ ಹುಟ್ಟುತ್ತದೆ: ಸಾಮಾನನ್ನು ಇಳಿದ ನಿಲ್ದಾಣದಲ್ಲಿ ಇಡಬಾರದು, ಹತ್ತುವ ನಿಲ್ದಾಣದಲ್ಲಿ ಇಡಬೇಕು. ಇಳಿದಲ್ಲಿ ಇಟ್ಟರೆ ಬೆಳಗಿನ ಅವಸರದಲ್ಲಿ ಊರನ್ನು ಎರಡು ಸಲ ದಾಟಬೇಕಾಗುತ್ತದೆ. 2025ರ ಅಕ್ಟೋಬರಿನಲ್ಲಿ ನೆಲದಡಿಯ ಮೆಟ್ರೋ ಮಾರ್ಗವು ಆರೆಯಿಂದ ಕಫ್ ಪರೇಡಿನವರೆಗೆ ಪೂರ್ತಿಯಾಗಿ ತೆರೆದ ಮೇಲೆ ಈ ಕೆಲಸ ಹಗುರವಾಗಿದೆ. ಟರ್ಮಿನಸ್ಸಿನ ಬಳಿ ಇಳಿದರೆ ಮುಂಬಯಿ ಸೆಂಟ್ರಲ್ಲಿನ ಬಳಿ ಏಳಬಹುದು. ಅಲ್ಲಿನ ನಿಲ್ದಾಣಕ್ಕೆ ಜಗನ್ನಾಥ ಶಂಕರ ಶೇಟ್ ಅವರ ಹೆಸರಿದೆ. ವಿಮಾನದಲ್ಲಿ ಬಂದು ಇರುಳು ಕಳೆಯಬೇಕಾದವರಿಗೂ ಇದೇ ಮಾರ್ಗ ವಿಮಾನ ನಿಲ್ದಾಣದಿಂದ ನೇರವಾಗಿ ಹಳೆಯ ಊರಿಗೆ ಕರೆತರುತ್ತದೆ. ಸಾಮಾನು ಇರಿಸಿಕೊಳ್ಳುವ ಕ್ಲೋಕ್ ರೂಮಿನವರು ಬೀಗವಿಲ್ಲದ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ, ಪ್ರಯಾಣದ ಟಿಕೆಟ್ಟನ್ನೂ ಕೇಳುತ್ತಾರೆ. ಎರಡನ್ನೂ ಮೊದಲೇ ಸಿದ್ಧಮಾಡಿಕೊಂಡಿರಬೇಕು.

ಆದರೆ ಟರ್ಮಿನಸ್ಸನ್ನು ಬಿಡುವ ಮೊದಲು, ಪೆಟ್ಟಿಗೆ ಕೈಯಲ್ಲಿದ್ದರೂ ಚಿಂತೆಯಿಲ್ಲ, ಹೊರಗೆ ಬಂದು ಹಿಂದಿರುಗಿ ಹತ್ತು ನಿಮಿಷ ನೋಡಿರಿ. ನಮ್ಮ ಹಿರಿಯರ ಬಾಯಲ್ಲಿ ಬೋರಿಬಂದರ್, ಆಮೇಲೆ ವಿ.ಟಿ. ಎನಿಸಿಕೊಂಡಿದ್ದ ಸ್ಥಳವಿದು. 1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದಲೇ 34 ಕಿಲೋಮೀಟರ್ ದೂರದ ಠಾಣೆಗೆ ಹೊರಟಿತು. ಇಂದಿನ ಕಟ್ಟಡದ ಕೆಲಸ 1878ರಲ್ಲಿ ಆರಂಭವಾಯಿತು. ಶಿಲ್ಪಿ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. ಎದುರಿಗಿರುವ ನಗರಪಾಲಿಕೆಯ ಭವನವೂ ಆತನದೇ. 2004ರಲ್ಲಿ ಯುನೆಸ್ಕೋ ಸಂಸ್ಥೆಯು ಈ ನಿಲ್ದಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಗೋಪುರ, ಕಮಾನು, ಕಲ್ಲಿನಲ್ಲಿ ಕಡೆದ ಹಕ್ಕಿ ಪ್ರಾಣಿಗಳು ಇವನ್ನೆಲ್ಲ ತಲೆಯ ಮೇಲಿಟ್ಟುಕೊಂಡು, ದಿನವೂ ಲಕ್ಷಗಟ್ಟಲೆ ಜನ ಒಮ್ಮೆಯೂ ತಲೆಯೆತ್ತದೆ ಅದರ ಕೆಳಗೆ ಓಡುತ್ತಾರೆ. ತಲೆಯೆತ್ತುವ ಬಿಡುವು ಇರುವುದು ಒಂದು ರಾತ್ರಿಗೆ ಬಂದ ನಿಮಗೆ ಮಾತ್ರ.

ಹೆಗಲು ಹಗುರವಾದ ಮೇಲೆ ಅದೇ ಮೆಟ್ರೋದಲ್ಲಿ ಮರಳಿ ಹುತಾತ್ಮ ಚೌಕದಲ್ಲಿ ಮೇಲೇಳಿರಿ. ಭಾಷಾವಾರು ಪ್ರಾಂತಗಳಿಗಾಗಿ ದೇಶವೇ ಬಿಸಿಯಾಗಿದ್ದ ಕಾಲದಲ್ಲಿ, ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣತೆತ್ತವರ ಸ್ಮಾರಕ ಅಲ್ಲಿದೆ. ನಮ್ಮ ನಾಡು 1956ರ ನವೆಂಬರ್ 1ರಂದು ಒಂದಾಯಿತು. ಮಹಾರಾಷ್ಟ್ರವು 1960ರ ಮೇ 1ರವರೆಗೆ ಕಾಯಬೇಕಾಯಿತು. ಅಕ್ಕಪಕ್ಕದ ಮನೆಗಳೆರಡು ಬೇರೆ ಬೇರೆ ದಿನ ಗೃಹಪ್ರವೇಶ ಮಾಡಿದಂತೆ. ಸ್ಮಾರಕದ ಮುಂದೆ ಒಂದು ನಿಮಿಷ ನಿಂತು ಪಶ್ಚಿಮಕ್ಕೆ ನಡೆದರೆ ಓವಲ್ ಮೈದಾನ ಸಿಕ್ಕುತ್ತದೆ.

ಈ ಮೈದಾನದಲ್ಲಿ ನಿಂತವನು ಎರಡು ಕಾಲಗಳ ನಡುವೆ ನಿಂತಂತೆ. ಪೂರ್ವಕ್ಕೆ ಹತ್ತೊಂಬತ್ತನೆಯ ಶತಮಾನದ ಕಲ್ಲಿನ ಕಟ್ಟಡಗಳು: ಉಚ್ಚ ನ್ಯಾಯಾಲಯ, ವಿಶ್ವವಿದ್ಯಾನಿಲಯ, ಅದರ ಮೇಲೆ 1878ರಲ್ಲಿ ಮುಗಿದ ರಾಜಾಬಾಯಿ ಗಡಿಯಾರ ಗೋಪುರ. ಪಶ್ಚಿಮಕ್ಕೆ, 1930ರ ದಶಕದಿಂದೀಚೆಗೆ ಎದ್ದ, ಮೂಲೆಗಳು ದುಂಡಗಾದ, ಹಡಗಿನ ಅಟ್ಟಗಳಂತಹ ಬಾಲ್ಕನಿಗಳುಳ್ಳ ವಾಸದ ಮನೆಗಳು. 2018ರಲ್ಲಿ ಈ ಎರಡು ಸಾಲುಗಳೂ ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಡುವೆ ಹುಡುಗರು ಕ್ರಿಕೆಟ್ಟಾಡುತ್ತಿರುತ್ತಾರೆ. ಎರಡು ಕಾಲಗಳಲ್ಲಿ ಯಾವುದರ ಪರಿವೆಯೂ ಅವರಿಗಿಲ್ಲ.

ರಾಜಾಬಾಯಿ ಗೋಪುರಕ್ಕೂ ನಮಗೂ ಒಂದು ನಂಟುಂಟು. ಅದಕ್ಕೆ ಹಣ ಕೊಟ್ಟವನು ಹತ್ತಿಯ ವ್ಯಾಪಾರಿ ಪ್ರೇಮಚಂದ ರಾಯಚಂದ. ಗೋಪುರಕ್ಕಿಟ್ಟದ್ದು ಅವನ ತಾಯಿಯ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ, ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಆ ಹತ್ತಿಯಲ್ಲಿ ಧಾರವಾಡ ಸೀಮೆಯ ಕರಿನೆಲದ ಪಾಲೂ ಇತ್ತು. ಇನ್ನು, 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ, ಪದವಿ ಪಡೆದದ್ದು ಈ ಮುಂಬಯಿ ವಿಶ್ವವಿದ್ಯಾನಿಲಯದಿಂದಲೇ. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಗೋಡೆಯ ಮೇಲೆ ಕಟ್ಟು ಹಾಕಿ ತೂಗುಹಾಕಿದ ಹಳೆಯ ಪದವಿಪತ್ರದ ಮೂಲ ಇದು.

ಮೈದಾನವನ್ನು ದಾಟಿ ಇನ್ನೂ ಪಶ್ಚಿಮಕ್ಕೆ ನಡೆದರೆ ಸಮುದ್ರ. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಸೂರ್ಯಾಸ್ತದ ಹೊತ್ತಿಗೆ ಕುಳಿತವನಿಗೆ ಯಾರ ಉಪದೇಶವೂ ಬೇಕಿಲ್ಲ. ಕತ್ತಲಾಗುತ್ತಿದ್ದಂತೆ ದೀಪಗಳು ಒಂದೊಂದಾಗಿ ಹೊತ್ತಿಕೊಂಡು, ಮೂರೂವರೆ ಕಿಲೋಮೀಟರಿಗೂ ಮಿಕ್ಕಿದ ಆ ಬಾಗಿದ ದಂಡೆ ಕೊರಳ ಹಾರದಂತೆ ಕಾಣುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ನೀವು ಕುಳಿತ ನೆಲವೇ ಸಮುದ್ರವನ್ನು ಹಿಂದಕ್ಕೆ ತಳ್ಳಿ ಪಡೆದದ್ದು. ಏಳು ದ್ವೀಪಗಳ ಈ ಊರು 1661ರ ವಿವಾಹದ ಒಪ್ಪಂದದಲ್ಲಿ ಪೋರ್ತುಗಲ್ಲಿನಿಂದ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಬಳುವಳಿಯಾಗಿ ಬಂದಿತು. 1668ರಲ್ಲಿ ಆತ ಅದನ್ನು ವರ್ಷಕ್ಕೆ 10 ಪೌಂಡುಗಳಂತೆ ಈಸ್ಟ್ ಇಂಡಿಯಾ ಕಂಪನಿಗೆ ಗುತ್ತಿಗೆ ಕೊಟ್ಟ. ಆಮೇಲಿನ ಶತಮಾನಗಳೆಲ್ಲ ದ್ವೀಪಗಳ ನಡುವಿನ ನೀರನ್ನು ಮಣ್ಣಿನಿಂದ ತುಂಬಿದ ಕಥೆ. ನೀರಿನಿಂದ ಕಿತ್ತ ನೆಲದ ಮೇಲೆ ನೆಲವಿಲ್ಲದವರು ಬಂದು ನಿಂತು ಕಟ್ಟಿದ ಊರಿದು.

ಹಸಿವಾಯಿತೆ? ಚರ್ಚ್‌ಗೇಟ್ ನಿಲ್ದಾಣ ಹತ್ತಿರದಲ್ಲಿದೆ. ಎಂಟು ಗಂಟೆಯ ವೇಳೆಗೆ ಕಚೇರಿಯ ಜನರ ನೂಕುನುಗ್ಗಲು ಇಳಿಮುಖವಾಗಿರುತ್ತದೆ. ಅದಕ್ಕೆ ಮೊದಲು ಹೊಸಬನು ಲೋಕಲ್ ಗಾಡಿಯ ಬಾಗಿಲಿಗೆ ಹೋಗದಿರುವುದೇ ಕ್ಷೇಮ. ನಿಧಾನದ ಲೋಕಲ್ಲಿನಲ್ಲಿ ಎರಡನೆಯ ದರ್ಜೆಯ ಟಿಕೆಟ್ಟಿನಿಂದ ಹೊರಟರೆ ದಾದರಿನ ಮುಂದಿನ ನಿಲ್ದಾಣವೇ ಮಾಟುಂಗಾ ರೋಡ್. ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ನಡೆದು ಹಳಿಗಳನ್ನು ಮೇಲುಸೇತುವೆಯಿಂದ ದಾಟಿದರೆ ಹೂವಿನ ಅಂಗಡಿ, ಬಾಳೆಲೆ, ಕಾಫಿಪುಡಿಯ ಪರಿಮಳ. ನಮ್ಮ ಊರಿನ ಯಾವುದೋ ರಥಬೀದಿ ಎದ್ದು ಬಂದು ಇಲ್ಲಿ ಕುಳಿತಂತೆ ತೋರುತ್ತದೆ. ಇಲ್ಲಿಯೇ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬಾಳೆಲೆಯ ಊಟಕ್ಕೆ ಹೆಸರಾದದ್ದು. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ನಿನ ಭವನವೂ ಈ ಮಾಟುಂಗಾದಲ್ಲಿಯೇ ಇದೆ. ಬೋರ್ಡಿಂಗುಗಳಲ್ಲಿ ರಾತ್ರಿಯ ಊಟ ಬೇಗ ಮುಗಿಯುವುದುಂಟು, ವಾರದ ರಜೆಯೂ ಉಂಟು, ವಿಚಾರಿಸಿಕೊಂಡು ಹೋಗಬೇಕು.

ಅಲ್ಲಿಯ ಒಂದು ಸಣ್ಣ ಹೋಟೆಲಿನಲ್ಲಿ, ಎರಡು ವರ್ಷಗಳ ಹಿಂದೆ, ಇಂತಹುದೇ ಒಂದು ರಾತ್ರಿ ನಾನು ಊಟ ಮುಗಿಸಿ ಹಣ ಕೊಡಲು ನಿಂತಿದ್ದೆ. ಗಲ್ಲೆಯ ಮುಂದೆ ಕುಳಿತಿದ್ದ ಹಿರಿಯರು ನನ್ನ ಕನ್ನಡವನ್ನು ಕೇಳಿ ಕನ್ನಡಕವನ್ನು ಮೇಲೇರಿಸಿದರು.

“ಯಾವ ಊರಾಯ್ತು ನಿಮ್ಮದು?”

“ತುಮಕೂರಿನ ಕಡೆ, ಯಜಮಾನರೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ.”

“ಹಾಗಾದರೆ ಮಾಷ್ಟ್ರು. ಇಲ್ಲಿ ಎಷ್ಟು ದಿನ ಇರ್ತೀರಿ?”

“ದಿನವೆಲ್ಲಿ ಬಂತು? ಈ ಒಂದು ರಾತ್ರಿ. ಬೆಳಿಗ್ಗೆ ರೈಲು. ಈಗ ಸಮುದ್ರ ನೋಡಿಕೊಂಡು ಬಂದೆ.”

ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ನಕ್ಕರು. “ನಾನು ಬಂದದ್ದು ಎರಡು ವರ್ಷಕ್ಕೆ ಅಂತ. ಅಕ್ಕನ ಮದುವೆಯ ಸಾಲ ತೀರಿದ ಕೂಡಲೇ ವಾಪಸು ಬರ್ತೇನೆ ಅಂತ ಅಪ್ಪಯ್ಯನಿಗೆ ಹೇಳಿ ಬಂದದ್ದು. ಈಗ ಐವತ್ತು ವರ್ಷ ಆಯ್ತು. ಈ ಊರಿನ ಸಮುದ್ರ ನಾನು ನೋಡಿದ್ದು ಬಂದ ಮೂರನೇ ವರ್ಷ, ಮಾಷ್ಟ್ರೇ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವುದು, ಹಗಲೆಲ್ಲ ಲೋಟ ತೊಳೆಯುವುದು, ಸಂಜೆ ನೈಟ್ ಸ್ಕೂಲು. ನಡುವೆ ಸಮುದ್ರ ಎಲ್ಲಿಂದ ಸಿಕ್ಕಬೇಕು?”

“ನಿಮ್ಮ ಊರಿನಲ್ಲಿ ಸಮುದ್ರವಿತ್ತಲ್ಲ?” ಎಂದೆ.

“ಮನೆಯೊಳಗೆ ಮಲಗಿದರೆ ಶಬ್ದ ಕೇಳ್ತಿತ್ತು. ಅದಕ್ಕೇ ಇಲ್ಲಿಯದನ್ನು ನೋಡ್ಲಿಕ್ಕೆ ಹೆದರಿಕೆ. ನೋಡಿದರೆ ಊರಿನ ನೆನಪು ಬರ್ತದೆ, ನೆನಪು ಬಂದರೆ ಕೆಲಸ ಕೆಡ್ತದೆ.”

ಇಷ್ಟು ಹೇಳಿ ಅವರು ಹಿಂದೆ ನಿಂತವರ ಹಣ ತೆಗೆದುಕೊಳ್ಳತೊಡಗಿದರು. ನಾನು ಬೀದಿಗೆ ಬಂದೆ. ಹದಿನಾಲ್ಕೋ ಹದಿನೈದೋ ವರ್ಷದ ಒಬ್ಬ ಹುಡುಗನಿಗೆ ಮೂರು ವರ್ಷ ದೊರೆಯದಿದ್ದ ಸಂಜೆಯೊಂದು, ಗಾಡಿ ತಡವೆಂದು ಗೊಣಗುತ್ತಿದ್ದ ನನಗೆ ಬಿಟ್ಟಿಯಾಗಿ ದೊರೆತಿತ್ತು. ಅಂದಿನಿಂದ ಇಂತಹ ರಾತ್ರಿಗಳನ್ನು ‘ವ್ಯರ್ಥವಾದ ಹೊತ್ತು’ ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದಲೇ ಕರಾವಳಿಯ ಹುಡುಗರು ಹಡಗು ಹತ್ತಿ ಈ ಊರಿಗೆ ಬಂದು ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿಯತೊಡಗಿದರು. ಅವರಿಗಾಗಿ ಅವರ ಊರಿನವರೇ, ಸಮಾಜದ ಸಂಘಗಳೇ, ಸಂಜೆಯ ಮೇಲೆ ನಡೆಯುವ ಕನ್ನಡ ಶಾಲೆಗಳನ್ನು ತೆರೆದರು. ಹಗಲಿನಲ್ಲಿ ಯಾರದೋ ಊಟದ ಎಲೆ ಎತ್ತಿದ ಕೈ ರಾತ್ರಿ ಬಳಪ ಹಿಡಿಯಿತು. ಹಾಗೆ ಓದಿ ಮುಂದೆ ವಕೀಲರಾದವರು, ಬ್ಯಾಂಕಿನ ಅಧಿಕಾರಿಗಳಾದವರು, ತಾವು ತೊಳೆದ ಹೋಟೆಲಿನಂತಹುದನ್ನೇ ಸ್ವಂತವಾಗಿ ತೆರೆದವರು ಉಂಟು. ಉಳಿದವರೆಲ್ಲ ಲೈಟು ಆರಿಸಿ, ಗಿರಾಕಿಗಳು ಕುಳಿತ ಬೆಂಚುಗಳ ಮೇಲೆಯೇ ಮಲಗಿ ನಾಲ್ಕು ಗಂಟೆಗೆ ಎದ್ದರು. ಈ ನಗರದ ಬದುಕನ್ನೇ ವಸ್ತುವಾಗಿಸಿಕೊಂಡು ಯಶವಂತ ಚಿತ್ತಾಲರು 1979ರಲ್ಲಿ ‘ಶಿಕಾರಿ’ ಕಾದಂಬರಿಯನ್ನು ಕೊಟ್ಟರು; ವ್ಯಾಸರಾಯ ಬಲ್ಲಾಳರೂ ಜಯಂತ ಕಾಯ್ಕಿಣಿಯವರೂ ಬರೆದರು. ಕನ್ನಡದ ಒಳ್ಳೆಯ ನಗರಸಾಹಿತ್ಯದ ಒಂದು ದೊಡ್ಡ ಪಾಲು ಕರ್ನಾಟಕದ ಹೊರಗಿನ ಈ ಬೀಡಿನಲ್ಲಿ ಹುಟ್ಟಿತೆಂಬುದು ಯೋಚಿಸತಕ್ಕ ವಿಷಯ.

ಊಟವಾದ ಮೇಲೆ ನಿದ್ದೆ. ‘ಒಂದು ರಾತ್ರಿ ತಾನೆ, ಎದ್ದೇ ಇರೋಣ’ ಎಂಬ ವೀರಪ್ರತಿಜ್ಞೆ ಕಾಲೇಜು ಹುಡುಗರಿಗೆ ಸರಿ. ಹತ್ತೂವರೆಯ ಒಳಗೆ ಮುಂಬಯಿ ಸೆಂಟ್ರಲ್ಲಿಗೆ ಅದೇ ಮಾರ್ಗದ ಲೋಕಲ್ಲಿನಲ್ಲಿ ಹಿಂದಿರುಗಿರಿ. ಮುಂಗಡ ಟಿಕೆಟ್ಟಿನ ಸಂಖ್ಯೆಯ ಆಧಾರದ ಮೇಲೆ ರೈಲ್ವೆಯ ವಿಶ್ರಾಂತಿ ಕೊಠಡಿಗಳನ್ನು ಮೊದಲೇ ಕಾದಿರಿಸಬಹುದು. 2021ರ ನವೆಂಬರಿನಲ್ಲಿ ಈ ನಿಲ್ದಾಣದಲ್ಲಿ ಒಬ್ಬೊಬ್ಬರು ಮಾತ್ರ ನುಸುಳಿ ಮಲಗಬಹುದಾದ ಗೂಡುಗಳ ವಸತಿಯೊಂದು ತೆರೆಯಿತು. ಪಾರಿವಾಳದ ಗೂಡನ್ನು ನೋಡಿದವರಿಗೆ ಅದರ ಕಲ್ಪನೆ ಬರುತ್ತದೆ. ಕಾಲು ಚಾಚಲು, ದೀಪ ಆರಿಸಲು, ಬೆಳಿಗ್ಗೆ ಸ್ನಾನ ಮಾಡಲು ಅಷ್ಟು ಸಾಲದೆ? ಛತ್ರದ ಜಗುಲಿಯ ಮೇಲೆ ಮಲಗಿ ಕಾಶಿಗೆ ಹೋದವರ ಮೊಮ್ಮಕ್ಕಳು ನಾವು.

ಹೆಂಗಸರು, ಮಕ್ಕಳು, ವಯಸ್ಸಾದವರು ಜತೆಯಲ್ಲಿದ್ದರೆ ಮೇಲಿನ ಕಾರ್ಯಕ್ರಮವನ್ನು ಅರ್ಧಕ್ಕೆ ಇಳಿಸಬೇಕು: ಸಮುದ್ರವೊಂದು, ಊಟವೊಂದು, ಸಾಕು. ಒಬ್ಬಳೇ ಹೊರಟ ಹೆಣ್ಣುಮಗಳಿಗೆ ಲೋಕಲ್ಲಿನಲ್ಲಿ ಮಹಿಳೆಯರ ಡಬ್ಬಿಗಳಿವೆ. ರಾತ್ರಿಯ ವೇಳೆ ಅವುಗಳಲ್ಲಿ ಪೋಲೀಸರನ್ನು ನಿಯೋಜಿಸುವ ಪದ್ಧತಿಯೂ ಇದೆ. ಎರಡನೆಯ ದರ್ಜೆಯ ಟಿಕೆಟ್ಟಿನಿಂದ ಮೊದಲನೆಯ ದರ್ಜೆಯ ಡಬ್ಬಿಗೆ ಏರಿದರೆ ದಂಡ ತಪ್ಪದು. ಹೊರಗಿನಿಂದ ನೋಡಿದರೆ ಎರಡಕ್ಕೂ ಹೆಚ್ಚು ಭೇದ ಕಾಣುವುದಿಲ್ಲವಾದ್ದರಿಂದ ಈ ಎಚ್ಚರಿಕೆ. ಮಳೆಗಾಲದಲ್ಲಿ ಮಾತ್ರ ಉತ್ಸಾಹಕ್ಕೆ ಕಡಿವಾಣ ಹಾಕಲೇಬೇಕು. 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ನೀರು ಸುರಿದು ಊರೇ ಮುಳುಗಿತ್ತು. ಆಕಾಶ ಕಪ್ಪಿಟ್ಟ ದಿನ ಹತ್ತುವ ನಿಲ್ದಾಣದಿಂದ ದೂರ ಹೋಗದಿರುವುದೇ ಜಾಣತನ.

ಈಗ ಉಳಿದದ್ದು ಮುಂಜಾವಿನ ಎರಡು ಗಂಟೆ. ಸಂಜೆಯ ನಗರ ನೋಡುವವರಿಗಾಗಿ ಅಲಂಕರಿಸಿಕೊಂಡ ನಗರ. ಮುಂಜಾವಿನ ನಗರ ತನಗಾಗಿ ತಾನು ದುಡಿಯುವ ನಗರ. ಮುಂಬಯಿಯ ಲೋಕಲ್ಲುಗಳು ನಡುರಾತ್ರಿ ಕಳೆದ ಮೇಲೆ ಸುಮಾರು ಮೂರು ಗಂಟೆಗಳ ಕಾಲ ಮಾತ್ರ ಸುಮ್ಮನಿರುತ್ತವೆ. ನಾಲ್ಕು ಗಂಟೆಯ ಹೊತ್ತಿಗೆ ಹಳಿಗಳು ಮತ್ತೆ ಮಾತನಾಡತೊಡಗುತ್ತವೆ. ಐದಕ್ಕೆ ಎದ್ದು ನಾಲ್ಕೈದು ನಿಲ್ದಾಣಗಳಾಚೆಯ ದಾದರಿಗೆ ಹೋಗಿ, ಪಶ್ಚಿಮದ ಬಾಗಿಲಿನಿಂದ ಹೊರಬಂದರೆ ಅಲ್ಲಿ ಹೂವಿನ ಮಾರುಕಟ್ಟೆ. ಗೋಣಿಚೀಲಗಳಿಂದ ಚೆಂಡುಹೂ ಸುರಿದು ಗುಡ್ಡೆಯಾಗುತ್ತಿರುತ್ತದೆ. ಸೇವಂತಿಗೆ, ಗುಲಾಬಿ, ತುಳಸಿ, ಮಾವಿನ ಎಲೆ. ತೂಗುವವರ ಕೂಗು, ತಲೆಹೊರೆಯವರ ‘ಬಾಜು, ಬಾಜು’ ಎಂಬ ಎಚ್ಚರಿಕೆ. ಕಾಲುದಾರಿಯ ಮೇಲೆ ಕುಳಿತವರು ಅಂದಿನ ಪತ್ರಿಕೆಗಳನ್ನು ಮಡಿಸಿ ಕಟ್ಟು ಕಟ್ಟುತ್ತಿರುತ್ತಾರೆ. ಏಳು ಗಂಟೆಗೆ ದೇವರ ಮುಂದೆ ಹೂ ಏರಿಸಿ, ಕಾಫಿಯ ಜತೆ ಪತ್ರಿಕೆ ಬಿಡಿಸುವ ಲಕ್ಷಾಂತರ ಜನರಿಗೆ ಇವೆರಡೂ ತಾವಾಗಿಯೇ ಬಂದಂತೆ ತೋರುತ್ತವೆ. ಹಾಗೆ ತೋರಿಸುವುದಕ್ಕಾಗಿ ಎಷ್ಟು ಮಂದಿ ನಿದ್ದೆಗೆಟ್ಟರೆಂಬುದನ್ನು ನೋಡಲು ಈ ಒಂದು ಗಂಟೆ ಬೇಕು.

ಇದನ್ನೇ ನಾನು ಒತ್ತಿ ಹೇಳಬೇಕೆಂದದ್ದು. ಮಹಾನಗರಿಯಲ್ಲಿ ಒಂದೇ ರಾತ್ರಿ ಕಳೆಯುವವನಿಗೆ ಅಲ್ಲಿಯ ವಸ್ತುಸಂಗ್ರಹಾಲಯಗಳಾಗಲಿ ಅರಮನೆಗಳಾಗಲಿ ದೊರೆಯುವುದಿಲ್ಲ. ಅವುಗಳ ಬಾಗಿಲು ಸಂಜೆಗೆ ಮುಚ್ಚುತ್ತದೆ. ದೊರೆಯುವುದು ಹಗಲಿನ ಪ್ರವಾಸಿಗೆ ಕಾಣದ ಎರಡು ಅಂಚುಗಳು: ಊರು ದುಡಿಮೆಯನ್ನು ಮುಗಿಸಿ ಉಸಿರುಬಿಡುವ ಹೊತ್ತು, ಮತ್ತು ದುಡಿಮೆಗೆ ಸೊಂಟ ಕಟ್ಟುವ ಹೊತ್ತು. ಕೊಲ್ಕತ್ತೆಯಾಗಲಿ, ದೆಹಲಿಯಾಗಲಿ, ಚೆನ್ನೈಯಾಗಲಿ, ಈ ಲೆಕ್ಕ ಬದಲಾಗದು. ಹೊರೆಯನ್ನು ಹತ್ತುವಲ್ಲಿ ಇಡಿರಿ, ನಡೆಯಬಹುದಾದ ಒಂದೇ ಒಂದು ದಾರಿಯನ್ನು ಆರಿಸಿರಿ, ನಿಮ್ಮ ನುಡಿಯವರು ಅಲ್ಲಿ ಎಲ್ಲಿ ನೆಲೆಸಿದ್ದಾರೋ ಅಲ್ಲಿ ಉಣ್ಣಿರಿ, ನಿದ್ದೆಯನ್ನು ಕೊಲ್ಲಬೇಡಿ, ಬೆಳಗಿನ ಸಂತೆಗೆ ಹೋಗಿರಿ.

ಉಣ್ಣುವಾಗ ಬಡಿಸಿದವರೊಡನೆ ಎರಡು ಮಾತನಾಡುವುದನ್ನೂ ಮರೆಯಬೇಡಿ. ನಿಮಗೆ ಬೀಡಾದ ಊರು ಅವರಿಗೆ ನೆಲೆವೀಡು. ಅವರಲ್ಲಿ ಬಹುಮಂದಿ ಒಂದು ಕಾಲಕ್ಕೆ ನಿಮ್ಮಂತೆಯೇ ‘ಸ್ವಲ್ಪ ದಿನಕ್ಕೆ’ ಎಂದು ಇಳಿದವರು. ಮುಂದಿನ ಗಾಡಿ ಅವರಿಗೆ ಬರಲೇ ಇಲ್ಲ, ಅಥವಾ ಬಂದಾಗ ಹತ್ತಲಾಗಲಿಲ್ಲ. ಊರಿನ ಕನ್ನಡ ಕಿವಿಗೆ ಬಿದ್ದಾಗ ಅವರ ಕೈ ಚಿಲ್ಲರೆಯ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಊರಿನಲ್ಲಿ ಈ ಸಲ ಮಳೆ ಹೇಗೆ ಎಂದು ಅವರು ಕೇಳಬಹುದು. ಗಾಡಿಗೆ ಇನ್ನೂ ಹೊತ್ತಿದೆ. ನಿಧಾನವಾಗಿ ಉತ್ತರ ಹೇಳಿ ಬನ್ನಿ.